ಎರೆ ಮಣ್ಣಿನ ದಾರಿಗೆ ಬೈಕ್ ಸಜ್ಜು ಮಾಡುವುದು: ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ, ಸರಿಯಾದ ಕ್ರಮದಲ್ಲಿ

"ಚೈನ್ ಮೊನ್ನೆನ ಟೈಟ್ ಮಾಡೇನ್ರಿ, ಮತ್ತ ಕರಕರ ಅನ್ನಾಕತ್ತೈತಿ."

ಮುಂಗಾರು ಶುರುವಾಗಿ ಹದಿನೈದು ದಿನ ಕಳೆಯುವಷ್ಟರಲ್ಲಿ ಈ ಮಾತು ಹತ್ತಾರು ಜನರಿಂದ ಕೇಳಿಬರುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯಿಂದ ಹುಬ್ಬಳ್ಳಿಗೆ ದಿನಾ ಬಂದು ಹೋಗುವವರು, ಗದಗಿನಿಂದ ರೋಣದ ದಾರಿಯಲ್ಲಿ ಓಡಾಡುವವರು, ಹೊಲಕ್ಕೆ ಗೊಬ್ಬರ ಹೇರಿಕೊಂಡು ಹೋಗುವವರು, ಎಲ್ಲರದ್ದೂ ಇದೇ ದೂರು. ಇದರ ಜೊತೆಗೆ ಇನ್ನೊಂದು: ಚೈನ್ ಬಿಗಿ ಮಾಡಿದ ಮೇಲೆ ಗಾಡಿ ಭಾರ ಅನಿಸುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಹೀಗಾಗುವುದು ಕೈಚಳಕ ಸಾಲದ್ದಕ್ಕಲ್ಲ. ಹೆಚ್ಚಿನವರು ಕೆಲಸದ ಕ್ರಮ ತಪ್ಪುತ್ತಾರೆ. ಕೊಳೆ ತೆಗೆಯದೆ ಚೈನ್ ಅಳೆಯುತ್ತಾರೆ. ಚೈನ್ ಬಿಗಿ ಮಾಡಿ ಬ್ರೇಕ್ ಮರೆಯುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಇದು 100ರಿಂದ 125 ಸಿಸಿಯ, ಹಿಂದೆ ಡ್ರಮ್ ಬ್ರೇಕ್ ಇರುವ ದಿನಬಳಕೆಯ ಗಾಡಿಗಳಿಗೆ ಬರೆದದ್ದು. ಒಂದು ಭಾನುವಾರದ ಮುಂಜಾನೆ ಸಾಕು.

ಮೊದಲು ಬೇಕಾದ ಸಾಮಾನು

ರಿಂಗ್ ಪಾನಾ 10, 12, 14, 17 ಮತ್ತು ಹಿಂದಿನ ಆಕ್ಸಲ್ (ಗಾಲಿಯ ಅಚ್ಚು) ನಟ್ಟಿಗೆ ಸರಿಹೊಂದುವ ಒಂದು ದೊಡ್ಡದು. ಆಕ್ಸಲ್ ಪಾನಾ ಕೊಳ್ಳುವ ಮುಂಚೆ ನಿಮ್ಮ ಗಾಡಿಯ ನಟ್ ಅಳೆದುಕೊಳ್ಳಿ. ಇಲ್ಲಿ ಬಾಯಿ ತೆರೆದ ಪಾನಾ ಬೇಡ. ಅದು ಜಾರಿದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಆಮೇಲೆ ಅದನ್ನು ಬಿಚ್ಚಲು ಗ್ಯಾರೇಜಿನವರೂ ಪರದಾಡಬೇಕಾಗುತ್ತದೆ.

ಪ್ಲಗ್ ಪಾನಾ, ಪೇಚ್‌ಕಸ್, ಪಕ್ಕಡ, ಆರಿಂಚಿನ ಸ್ಕೇಲು, ಹಳೆ ಹಲ್ಲುಜ್ಜುವ ಬ್ರಷ್ ಎರಡು, ಹಳೆ ಅರಿವೆ. ಚೈನ್ ತೊಳೆಯಲು ಚಿಮಣಿ ಎಣ್ಣೆ ಅಥವಾ ಡೀಸೆಲ್ ಅರ್ಧ ಲೀಟರ್. ಚೈನಿಗೆ ಹಾಕಲು 90 ನಂಬರಿನ ಗೇರ್ ಆಯಿಲ್. ಕೇಬಲ್ ಮತ್ತು ಪೆಡಲ್ ಕೀಲುಗಳಿಗೆ ತೆಳು ಎಣ್ಣೆ ಸ್ವಲ್ಪ.

ಪೆಟ್ರೋಲಿನಿಂದ ಚೈನ್ ತೊಳೆಯಬೇಡಿ. ಕೆಲವು ಗಾಡಿಗಳ ಚೈನಿನಲ್ಲಿ ಸಣ್ಣ ರಬ್ಬರ್ ಉಂಗುರ ಇರುತ್ತವೆ, ಪೆಟ್ರೋಲ್ ಅವನ್ನು ಹಾಳು ಮಾಡುತ್ತದೆ. ಬೆಂಕಿಯ ಭಯ ಬೇರೆ. ಬಳಸಿ ತೆಗೆದ ಕಪ್ಪು ಎಂಜಿನ್ ಆಯಿಲನ್ನು ಚೈನಿಗೆ ಹಚ್ಚುವ ರೂಢಿಯೂ ನಮ್ಮ ಕಡೆ ಇದೆ. ಬಿಟ್ಟುಬಿಡಿ. ಅದರಲ್ಲಿ ಮಸಿ, ಲೋಹದ ಪುಡಿ ಇರುತ್ತದೆ. ಉಳಿಸುವುದು ಹತ್ತು ರೂಪಾಯಿ, ಸವೆಸುವುದು ಇಡೀ ಚೈನ್.

ಹಂತ 1: ಮಣ್ಣು ಹಸಿ ಇರುವಾಗಲೇ ತೊಳೆಯಿರಿ

ಎರೆ ಮಣ್ಣಿನ ಗುಣ ನಮಗೆಲ್ಲ ಗೊತ್ತು. ಹಸಿ ಇದ್ದಾಗ ಅಂಟು, ಒಣಗಿದರೆ ಕಲ್ಲು. ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು ಗಾಲಿಯನ್ನೇ ತಿರುಗದಂತೆ ಹಿಡಿದುಬಿಡುತ್ತದೆ. ಹೊಲದಿಂದ ಬಂದ ರಾತ್ರಿಯೇ ಎರಡು ಬಕೆಟ್ ನೀರು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಮರುದಿನಕ್ಕೆ ಬಿಟ್ಟರೆ ಕೆರೆದು ತೆಗೆಯಬೇಕು, ಕೆರೆದರೆ ಬಣ್ಣವೂ ಹೋಗುತ್ತದೆ.

ಒಣಗಿಬಿಟ್ಟಿದ್ದರೆ ಹಸಿ ಗೋಣಿತಟ್ಟನ್ನು ಅರ್ಧ ತಾಸು ಅದರ ಮೇಲೆ ಹೊದಿಸಿ. ನೆನೆದ ಮೇಲೆ ಕಟ್ಟಿಗೆಯ ಚಕ್ಕೆಯಿಂದ ಎಬ್ಬಿಸಿ, ಕಬ್ಬಿಣದ ಸಾಮಾನು ಬಳಸಬೇಡಿ.

ಜೋರು ಒತ್ತಡದ ಪಂಪಿನಿಂದ ತೊಳೆಯುವಾಗ ಗಾಲಿಯ ನಡುಭಾಗಕ್ಕೆ, ಚೈನಿಗೆ, ಸ್ವಿಚ್‌ಗಳಿಗೆ, ಸೈಲೆನ್ಸರ್ ಬಾಯಿಗೆ ನೇರ ನೀರು ಹೊಡೆಸಬೇಡಿ. ಬೇರಿಂಗ್ ಒಳಗಿನ ಗ್ರೀಸ್ ಹೊರಬಂದು ಅಲ್ಲಿ ನೀರು ಸೇರುತ್ತದೆ. ತಿಂಗಳೆರಡು ತಿಂಗಳಿಗೆ ಗಾಲಿಯಿಂದ ಗುಂಯ್ ಅನ್ನುವ ಸದ್ದು ಬರಲು ಇದೇ ಕಾರಣ ಇರಬಹುದು. ಎಂಜಿನ್ ಬಿಸಿ ಇರುವಾಗಲೂ ನೀರು ಹಾಕಬೇಡಿ.

ಹಂತ 2: ಏರ್ ಫಿಲ್ಟರ್ ಮತ್ತು ಪ್ಲಗ್

ಹುಬ್ಬಳ್ಳಿಯ ಧೂಳಿನ ಬಗ್ಗೆ ಹೇಳಬೇಕೇ? ಬೇಸಿಗೆಯಿಡೀ ಅದನ್ನು ಉಂಡ ಫಿಲ್ಟರ್ ಮಳೆಗಾಲದ ಹೊತ್ತಿಗೆ ಕಟ್ಟಿಕೊಂಡಿರುತ್ತದೆ.

ಫಿಲ್ಟರ್ ಯಾವ ಜಾತಿಯದು ಅಂತ ಮೊದಲು ನೋಡಿ. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ ಅಂಗೈಗಳ ನಡುವೆ ಒತ್ತಿ ಕೊಳೆ ತೆಗೆಯಿರಿ. ನೆರಳಲ್ಲಿ ಪೂರ್ತಿ ಒಣಗಿಸಿ. ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಒತ್ತಿ, ಹೆಚ್ಚಿನದನ್ನು ತೆಗೆದು ಕೂರಿಸಿ. ಕಾಗದದ್ದು, ಅದರ ಮೇಲೆ ಎಣ್ಣೆಯ ಪಸೆ ಇದೆ ಅಂದರೆ ಅದನ್ನು ತೊಳೆಯುವಂತಿಲ್ಲ, ಗಾಳಿಯನ್ನೂ ಹೊಡೆಯುವಂತಿಲ್ಲ. ಹೊಸದು ಹಾಕುವುದೊಂದೇ ದಾರಿ. ಇದನ್ನೇ ಪಂಕ್ಚರ್ ಅಂಗಡಿಯ ಗಾಳಿಯಿಂದ ಹೊಡೆಸಿ ಕಾಗದಕ್ಕೆ ತೂತು ಮಾಡಿಕೊಂಡವರು ಬಹಳ ಮಂದಿ. ಆ ತೂತಿನಿಂದ ಧೂಳು ಸೀದಾ ಎಂಜಿನ್ನಿಗೆ ಹೋಗುತ್ತದೆ. ಧೂಳಿನ ದಾರಿಯಲ್ಲಿ ಓಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್‌ಗಿಂತ ಮುಂಚೆಯೇ ಬದಲಿಸಿ.

ಫಿಲ್ಟರ್ ಪೆಟ್ಟಿಗೆಯ ತಳದಲ್ಲಿ ಬೂಚು ಹಾಕಿದ ಸಣ್ಣ ನಳಿಕೆ ಇರುತ್ತದೆ. ಅದರಲ್ಲಿ ನೀರು ಕಂಡರೆ ಬೂಚು ತೆಗೆದು ಸುರಿದು ಮತ್ತೆ ಮುಚ್ಚಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಬೇಕು.

ಪ್ಲಗ್ ಬಿಚ್ಚುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಮೊದಲು ಸುತ್ತಲಿನ ಧೂಳನ್ನು ಬ್ರಷ್‌ನಿಂದ ಕೊಡವಿ, ಇಲ್ಲದಿದ್ದರೆ ಅದೆಲ್ಲ ಒಳಗೆ ಬೀಳುತ್ತದೆ. ಪ್ಲಗ್ ತುದಿ ತಿಳಿ ಕಂದು ಬಣ್ಣದ್ದಾಗಿದ್ದರೆ ಎಲ್ಲ ಸರಿ ಇದೆ. ಒಣ ಮಸಿ ಇದ್ದರೆ ಗಾಳಿ ಸಾಲುತ್ತಿಲ್ಲ ಅಥವಾ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಎಣ್ಣೆಯ ಪಸೆಯ ಕಪ್ಪು ಇದ್ದರೆ ಎಂಜಿನ್ ಆಯಿಲ್ ಮೇಲೆ ಬರುತ್ತಿದೆ, ಅದು ಗ್ಯಾರೇಜಿನ ಕೆಲಸ. ಬೆಳ್ಳಗೆ ಸುಟ್ಟಂತೆ ಇದ್ದರೆ ಎಂಜಿನ್ ವಿಪರೀತ ಕಾಯುತ್ತಿದೆ.

ಮತ್ತೆ ಕೂರಿಸುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ. ಮರೆ (ಥ್ರೆಡ್) ಓರೆಯಾಗಿ ಕೂತರೆ ಸಿಲಿಂಡರ್ ಹೆಡ್ಡಿನ ಮರೆಯೇ ಹೋಗುತ್ತದೆ. ಹಳೆ ಪ್ಲಗ್ ತಳ ಮುಟ್ಟಿದ ಮೇಲೆ ಪಾನಾದಿಂದ ಅರೆಪಾಲು (ಕಾಲಿನ ಅರ್ಧ) ಸುತ್ತು, ಹೊಸದಕ್ಕೆ ಅರ್ಧ ಸುತ್ತು. ಅದಕ್ಕಿಂತ ಜಾಸ್ತಿ ಬೇಡ.

ಹಂತ 3: ಚೈನ್ ತೊಳೆದು ಎಣ್ಣೆ ಹಾಕುವುದು

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಚಾವಿ ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳಿ. ಚಾವಿ ಕಿಸೆಯಲ್ಲಿರಲಿ ಅಂತ ಒತ್ತಿ ಹೇಳುತ್ತಿದ್ದೇನೆ. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಅರಿವೆ ಹಿಡಿಯುವವರಿದ್ದಾರೆ. ಅರಿವೆ ಹಲ್ಲುಗಾಲಿಗೆ (ಚೈನ್ ಕೂರುವ ಹಲ್ಲಿನ ಚಕ್ರಕ್ಕೆ) ಸಿಕ್ಕರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ. ಕೈಯಿಂದ ಗಾಲಿ ತಿರುಗಿಸಿದರೆ ಸಾಕು. ತಿರುಗಿಸುವ ಕೈ ಟೈರಿನ ಮೇಲಿರಲಿ, ಚೈನಿನ ಹತ್ತಿರ ಬೇಡ.

ಚೈನ್ ಕವರ್ ಪೂರ್ತಿ ಮುಚ್ಚಿರುವ ಗಾಡಿಯಾದರೆ ಎರಡೂ ಹೋಳುಗಳನ್ನು ಬಿಚ್ಚಿ. ಕೆಳಗಿನ ಹೋಳಿನಲ್ಲಿ ಮಣ್ಣು ಮತ್ತು ಎಣ್ಣೆ ಕಲೆತು ಕರಿ ಮುದ್ದೆಯಂತೆ ಕೂತಿರುತ್ತದೆ. ಚೈನ್ ಅದರಲ್ಲೇ ಉಜ್ಜಿಕೊಂಡು ತಿರುಗುತ್ತಿರುತ್ತದೆ. ಎಷ್ಟೋ ಸಲ ಆ ಕರಕರ ಸದ್ದಿನ ಮೂಲ ಇದೇ, ಚೈನ್ ಸಡಿಲವಾದದ್ದಲ್ಲ.

ಹಿಂದಿನ ಟೈರಿಗೆ, ಬ್ರೇಕ್ ಡ್ರಮ್ಮಿಗೆ ಅರಿವೆ ಹೊದಿಸಿ. ಬ್ರಷ್ಷನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ ಚೈನಿನ ನಾಲ್ಕೂ ಕಡೆ ಉಜ್ಜಿ. ಕೊಂಡಿಯ ಬಣ್ಣ ಕಾಣುವ ತನಕ ಉಜ್ಜಬೇಕು. ಒಣ ಅರಿವೆಯಿಂದ ಒರೆಸಿ ಹದಿನೈದು ನಿಮಿಷ ಬಿಡಿ.

ಈಗ ಸವೆತ ನೋಡಿ. ಹಿಂದಿನ ಹಲ್ಲುಗಾಲಿಯ ತೀರಾ ಹಿಂದಿನ ತುದಿಯಲ್ಲಿ ಚೈನನ್ನು ಎರಡು ಬೆರಳಿನಿಂದ ಹಿಡಿದು ಹೊರಕ್ಕೆ ಎಳೆಯಿರಿ. ಚೈನ್ ಎದ್ದು ಅರ್ಧ ಹಲ್ಲು ಕಾಣಿಸಿದರೆ ಅದರ ಆಯಸ್ಸು ಮುಗಿದಿದೆ. ಹಲ್ಲುಗಳು ಕುಡಗೋಲಿನಂತೆ ಒಂದು ಕಡೆ ಬಾಗಿ ಚೂಪಾಗಿದ್ದರೂ ಅಷ್ಟೇ. ಆಗ ಚೈನ್, ಮುಂದಿನ ಹಲ್ಲುಗಾಲಿ, ಹಿಂದಿನ ಹಲ್ಲುಗಾಲಿ ಮೂರನ್ನೂ ಒಟ್ಟಿಗೆ ಬದಲಿಸಿ. ಹಳೆ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಸವೆಯುತ್ತದೆ.

ಚೈನ್ ಲಾಕ್ ಕ್ಲಿಪ್ ಇರುವ ಗಾಡಿಗಳಲ್ಲಿ ಆ ಕ್ಲಿಪ್ಪಿನ ದಿಕ್ಕನ್ನೂ ಗಮನಿಸಿ. ಕ್ಲಿಪ್ಪಿನ ಒಂದು ತುದಿ ಮುಚ್ಚಿದ್ದು, ಇನ್ನೊಂದು ಸೀಳಿದ್ದು. ಚೈನಿನ ಮೇಲಿನ ಸಾಲಿನಲ್ಲಿ ಅದು ಇರುವಾಗ ಮುಚ್ಚಿದ ತುದಿ ಎಂಜಿನ್ ಕಡೆಗೆ ಇರಬೇಕು. ಉಲ್ಟಾ ಇದ್ದರೆ ಓಡುವಾಗ ಏನಾದರೂ ತಾಗಿ ಕ್ಲಿಪ್ ಹಾರಿ ಹೋಗಬಹುದು.

ಗೇರ್ ಆಯಿಲ್ ಹಾಕುವುದು ಕೆಳಗಿನ ಸಾಲಿನ ಒಳಮೈಗೆ. ಚೈನ್ ತಿರುಗುವಾಗ ಎಣ್ಣೆ ಹೊರಕ್ಕೆ ಚಿಮ್ಮುತ್ತದೆ, ಹಾಗಾಗಿ ಒಳಗೆ ಹಾಕಿದ್ದು ಕೊಂಡಿಗಳ ನಡುವೆ ಇಳಿಯುತ್ತದೆ. ಹೊರಗೆ ಹಾಕಿದ್ದು ಸುಮ್ನೆ ನಿಮ್ಮ ಪ್ಯಾಂಟಿಗೆ. ಅರ್ಧ ತಾಸು ಬಿಟ್ಟು, ಹೊರಮೈಯನ್ನು ಒಣ ಅರಿವೆಯಿಂದ ಒರೆಸಿಬಿಡಿ. ಹೊರಗೆ ಎಣ್ಣೆ ಉಳಿದರೆ ಧೂಳು ಅಲ್ಲೇ ಕೂರುತ್ತದೆ.

ಹಂತ 4: ಚೈನ್ ಬಿಗಿ ಮಾಡುವುದು

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಕೆಳಗಿನ ಸಾಲಿನ ನಟ್ಟನಡುವೆ ಬೆರಳಿಟ್ಟು ಚೈನನ್ನು ಮೇಲೆ ಕೆಳಗೆ ಆಡಿಸಿ, ಸ್ಕೇಲಿನಿಂದ ಅಳೆಯಿರಿ. ಇಂಥ ಗಾಡಿಗಳಲ್ಲಿ ಈ ಆಟ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಇರಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ.

ಒಂದೇ ಕಡೆ ಅಳೆದು ನಿಲ್ಲಿಸಬೇಡಿ. ಗಾಲಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಹೀಗೆ ಗಾಲಿಯ ಮೂರ್ನಾಲ್ಕು ಸುತ್ತು ನೋಡಬೇಕು. ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ನನ್ನದೇ ಗಾಡಿಯಲ್ಲಿ ಒಂದು ಜಾಗದಲ್ಲಿ 35 ಬಂದದ್ದು ಇನ್ನೊಂದು ಜಾಗದಲ್ಲಿ 22 ಬಂದಿತ್ತು. 35 ಕಂಡ ಜಾಗದಲ್ಲೇ ನಿಂತು 25ಕ್ಕೆ ಬಿಗಿ ಮಾಡಿದ್ದರೆ ಆ ಇನ್ನೊಂದು ಜಾಗ 12ಕ್ಕೆ ಇಳಿದು ತಂತಿಯಂತೆ ಬಿಗಿಯುತ್ತಿತ್ತು. ಎಲ್ಲಿ ಅತಿ ಬಿಗಿ ಇದೆಯೋ ಆ ಜಾಗವನ್ನು ಕೆಳಗೆ ತಂದು ನಿಲ್ಲಿಸಿ ಅಲ್ಲಿನ ಲೆಕ್ಕದಲ್ಲೇ ಸರಿಮಾಡಬೇಕು. ಬಿಗಿ ಜಾಗಕ್ಕೂ ಸಡಿಲ ಜಾಗಕ್ಕೂ ತುಂಬಾ ಅಂತರ ಕಂಡರೆ ಚೈನ್ ಬದಲಿಸುವ ಹೊತ್ತು ಬಂತು ಅಂತ ತಿಳಿಯಿರಿ.

ಈಗ ಆಕ್ಸಲ್ ನಟ್ ಸಡಿಲಿಸಿ. ಬಹಳಷ್ಟು ದಿನಬಳಕೆಯ ಗಾಡಿಗಳಲ್ಲಿ ಚೈನ್ ಇರುವ ಬದಿಗೆ ಇನ್ನೊಂದು ದೊಡ್ಡ ನಟ್ ಇರುತ್ತದೆ, ಸ್ಲೀವ್ ನಟ್ ಅನ್ನುತ್ತಾರೆ. ಅದನ್ನೂ ಸಡಿಲಿಸಬೇಕು. ಬಿಟ್ಟರೆ ಹಲ್ಲುಗಾಲಿ ಇದ್ದಲ್ಲೇ ಇರುತ್ತದೆ, ಗಾಲಿ ಮಾತ್ರ ಓರೆಯಾಗುತ್ತದೆ. "ಎಷ್ಟ್ ತಿರುವಿದ್ರೂ ಟೈಟ್ ಆಗವಲ್ದು" ಅನ್ನುವವರು ಮರೆತಿರುವುದು ಹೆಚ್ಚಾಗಿ ಇದನ್ನೇ.

ಗಾಲಿಯನ್ನು ಹಿಂದಕ್ಕೆ ಎಳೆಯುವ ಎರಡೂ ಬದಿಯ ಅಡ್ಜಸ್ಟರ್ ನಟ್ಟುಗಳನ್ನು ಸಮ ಸಮ ತಿರುಗಿಸಿ. ಎಡಬದಿಯದಕ್ಕೆ ಅರ್ಧ ಸುತ್ತು ಅಂದರೆ ಬಲಬದಿಯದಕ್ಕೂ ಅರ್ಧ ಸುತ್ತು. ಸ್ವಿಂಗ್ ಆರ್ಮ್ (ಹಿಂದಿನ ಗಾಲಿಯನ್ನು ಹಿಡಿದಿರುವ ಕವಲು) ಮೇಲೆ ಸಣ್ಣ ಗೆರೆಗಳಿವೆ, ಎರಡೂ ಬದಿಯಲ್ಲಿ ಒಂದೇ ಗೆರೆಗೆ ಬರಬೇಕು. ಆಮೇಲೆ ಹಿಂದೆ ಕೂತು ಒಂದು ಕಣ್ಣು ಮುಚ್ಚಿ ಚೈನಿನ ಉದ್ದಕ್ಕೂ ನೋಡಿ. ಹಲ್ಲುಗಾಲಿಯಿಂದ ಮುಂದಕ್ಕೆ ನೂಲು ಹಿಡಿದಂತೆ ನೆಟ್ಟಗೆ ಕಾಣಬೇಕು.

ಟೈರನ್ನು ಹಿಂದಿನಿಂದ ಅಂಗೈಯಲ್ಲಿ ಮುಂದಕ್ಕೆ ಎರಡು ಸಲ ತಟ್ಟಿ, ಅಡ್ಜಸ್ಟರ್‌ಗಳು ಗಟ್ಟಿಯಾಗಿ ಕೂರುತ್ತವೆ. ಸ್ಲೀವ್ ನಟ್, ನಂತರ ಆಕ್ಸಲ್ ನಟ್ ಬಿಗಿ ಮಾಡಿ. ಅಡ್ಜಸ್ಟರ್‌ನ ಲಾಕ್ ನಟ್ ಕೊನೆಗೆ. ಮತ್ತೊಮ್ಮೆ ಅಳೆಯಿರಿ. ಆಕ್ಸಲ್ ಬಿಗಿ ಮಾಡುವಾಗ ಅಳತೆ ಎರಡು ಮೂರು ಮಿ.ಮೀ. ಬದಲಾಗುವುದು ಸಾಮಾನ್ಯ.

ಕೊನೆಯ ಪರೀಕ್ಷೆ: ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಮನೆಯವರನ್ನು ಯಾರನ್ನಾದರೂ ಸೀಟಿನ ಮೇಲೆ ಕೂರಿಸಿ. ಭಾರ ಬಿದ್ದಾಗ ಚೈನ್ ಇನ್ನಷ್ಟು ಬಿಗಿಯುತ್ತದೆ. ಆಗಲೂ ಸ್ವಲ್ಪ ಆಟ ಉಳಿದಿರಲೇಬೇಕು. ಉಳಿಯದಿದ್ದರೆ ಗೇರ್ ಬಾಕ್ಸಿನ ಮತ್ತು ಗಾಲಿಯ ಬೇರಿಂಗ್ ಮೇಲೆ ಎಳೆತ ಬೀಳುತ್ತದೆ. ಸಡಿಲ ಚೈನ್ ಸದ್ದು ಮಾಡಿ ಎಚ್ಚರಿಸುತ್ತದೆ. ಅತಿ ಬಿಗಿ ಚೈನ್ ಸುಮ್ಮನಿದ್ದು ಬೇರಿಂಗ್ ತಿನ್ನುತ್ತದೆ. ಎರಡರಲ್ಲಿ ಒಂದು ಆರಿಸು ಅಂದರೆ ನಾನು ಒಂದೆರಡು ಮಿ.ಮೀ. ಸಡಿಲದ ಕಡೆಗೇ ಇಡುತ್ತೇನೆ.

ಹಂತ 5: ಹಿಂದಿನ ಬ್ರೇಕ್, ಇದನ್ನು ಬಿಡುವಂತೆಯೇ ಇಲ್ಲ

ಚೈನ್ ಬಿಗಿ ಮಾಡಿದಾಗ ಗಾಲಿ ಹಿಂದಕ್ಕೆ ಸರಿಯಿತು. ಬ್ರೇಕ್ ರಾಡ್ ಮಾತ್ರ ಅಷ್ಟೇ ಉದ್ದ ಇದೆ. ಅಂದರೆ ಬ್ರೇಕ್ ತಾನಾಗಿಯೇ ಬಿಗಿಯಾಯಿತು. ಗಾಡಿ ಭಾರ ಅನಿಸುವುದು, ಮೈಲೇಜ್ ಇಳಿಯುವುದು ಇದರಿಂದಲೇ.

ಗಾಲಿಯನ್ನು ಕೈಯಿಂದ ಜೋರಾಗಿ ತಿರುಗಿಸಿ ಬಿಡಿ. ಸರ್ ಸರ್ ಅಂತ ಉಜ್ಜಿ ಬೇಗ ನಿಂತರೆ ಬ್ರೇಕ್ ಹಿಡಿದಿದೆ. ರಾಡಿನ ತುದಿಯ ನಟ್ಟನ್ನು ಸಡಿಲಿಸಿ. ಪೆಡಲಿನ ತುದಿ 20ರಿಂದ 30 ಮಿ.ಮೀ. ಕೆಳಗೆ ಹೋದ ಮೇಲೆ ಬ್ರೇಕ್ ಹಿಡಿಯಲು ಶುರುವಾಗಬೇಕು.

ಆ ನಟ್ಟಿನ ಒಳಮುಖ ಗಮನಿಸಿದ್ದೀರಾ? ಅದರಲ್ಲಿ ಅರ್ಧಚಂದ್ರದಂಥ ತಗ್ಗು ಇದೆ. ಆ ತಗ್ಗು ಬ್ರೇಕ್ ಆರ್ಮಿನ (ರಾಡ್ ಎಳೆಯುವ ಸಣ್ಣ ತೋಳಿನ) ದುಂಡು ಪಿನ್ನಿನ ಮೇಲೆ ಸರಿಯಾಗಿ ಕೂರಬೇಕು. ಅಡ್ಡಕ್ಕೆ ನಿಂತಿದ್ದರೆ ನೀವು ಬ್ರೇಕ್ ಒತ್ತಿದಾಗ ತಟ್ಟನೆ ತಗ್ಗಿಗೆ ಇಳಿದು ನೀವು ಇಟ್ಟ ಅಳತೆಯೇ ತಪ್ಪುತ್ತದೆ. ಅರ್ಧ ಅರ್ಧ ಸುತ್ತಿಗೆ ಅದು ಟಕ್ ಅಂತ ಕೂತದ್ದು ಬೆರಳಿಗೇ ತಿಳಿಯುತ್ತದೆ.

ಪೆಡಲ್ ಪೂರ್ತಿ ಒತ್ತಿ ಹಿಡಿದಾಗ ಆರ್ಮಿನ ಬಾಣದ ಗುರುತು ಡ್ರಮ್ ಪ್ಲೇಟಿನ ಗುರುತಿಗೆ ತಾಗಿದರೆ ಬ್ರೇಕ್ ಶೂ ಮುಗಿದಿದೆ. ಇನ್ನು ನಟ್ ಬಿಗಿ ಮಾಡುತ್ತಾ ಹೋಗಬೇಡಿ, ಶೂ ಬದಲಿಸಿ. ಕೊನೆಗೆ ಹಿಂದಿನ ಬ್ರೇಕ್ ಲೈಟ್ ಸರಿಯಾದ ಹೊತ್ತಿಗೆ ಹೊತ್ತುತ್ತದಾ, ಪೆಡಲ್ ಬಿಟ್ಟಾಗ ಆರುತ್ತದಾ ನೋಡಿ.

ಹಂತ 6: ಬೇಗ ಮುಗಿಯುವ ಕೆಲಸಗಳು

ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಆಟ ಇರಲಿ. ಆಟವೇ ಇಲ್ಲದಿದ್ದರೆ ಕ್ಲಚ್ ಪ್ಲೇಟ್ ಜಾರಿ ಸುಡುತ್ತದೆ. ಕೇಬಲ್ಲಿನ ಎಳೆ ಒಂದು ಹರಿದಿದ್ದರೂ ಹೊಸದು ಹಾಕಿ, ಹೊಲದ ದಾರಿಯಲ್ಲಿ ಹರಿದರೆ ತಳ್ಳಿಕೊಂಡು ಬರಬೇಕು.

ಟೈರ್ ಗಾಳಿ ತಣ್ಣಗಿರುವಾಗ ನೋಡಿಸಿ. ಒಬ್ಬರೇ ಓಡಿಸುವಾಗ ಮುಂದೆ 25, ಹಿಂದೆ 28 ಪಿಎಸ್‌ಐ ಆಸುಪಾಸು. ಇಬ್ಬರು ಕೂರುವುದಾದರೆ ಹಿಂದೆ ಜಾಸ್ತಿ ಬೇಕು, ಗಾಡಿಯ ಮೇಲಿನ ಸ್ಟಿಕ್ಕರ್ ನೋಡಿ. ರಾಡಿ ಇದೆ ಅಂತ ಗಾಳಿ ತೀರಾ ಇಳಿಸಬೇಡಿ, ಟ್ಯೂಬ್ ಇರುವ ಟೈರಿನಲ್ಲಿ ಟೈರ್ ಸರಿದು ವಾಲ್ವ್ ಕಿತ್ತುಬರುತ್ತದೆ.

ಬ್ಯಾಟರಿ ತುದಿಯಲ್ಲಿ ಬಿಳಿ ಅಥವಾ ಹಸಿರು ಪುಡಿ ಇದ್ದರೆ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಬಿಸಿ ನೀರಿಗೆ ಅಡುಗೆ ಸೋಡಾ ಕಲಸಿ ಬ್ರಷ್‌ನಿಂದ ಉಜ್ಜಿ, ಒರೆಸಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ.

ಹಂತ 7: ಕಡಿಮೆ ಖರ್ಚಿನ ಮೂರು ಬದಲಾವಣೆ

ಮೊದಲನೆಯದು ಮಡ್ ಫ್ಲಾಪ್. ಮುಂದಿನ ಗಾಲಿ ಎರಚುವ ರಾಡಿಯೆಲ್ಲ ಎಂಜಿನ್ನಿನ ರೆಕ್ಕೆಗಳಿಗೆ ಮೆತ್ತಿ, ಒಣಗಿ, ಎಂಜಿನ್ ತಣ್ಣಗಾಗದಂತೆ ಮಾಡುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಹಳೆ ಟ್ಯೂಬ್ ಕೇಳಿ, ಹೆಚ್ಚಾಗಿ ಪುಕ್ಕಟೆ ಕೊಡುತ್ತಾರೆ. ಮಡ್‌ಗಾರ್ಡಿಗಿಂತ ಎರಡು ಬೆರಳು ಅಗಲ, ಒಂದು ಗೇಣು ಉದ್ದ ಕತ್ತರಿಸಿ. ಮಡ್‌ಗಾರ್ಡಿನ ಹಿಂದಿನ ತುದಿಯಲ್ಲಿ ಒಳಗಿನಿಂದ ಇಟ್ಟು, ಎರಡು ಸಣ್ಣ ಬೋಲ್ಟು ಮತ್ತು ಅಗಲ ವಾಷರ್ ಹಾಕಿ ಬಿಗಿಯಿರಿ. ಬೋಲ್ಟಿನ ತಲೆ ಟೈರಿನ ಕಡೆ, ನಟ್ ಹೊರಗೆ. ಉಲ್ಟಾ ಹಾಕಿದರೆ ಬೋಲ್ಟಿನ ತುದಿ ಟೈರನ್ನು ಸೀಳುತ್ತದೆ. ಫ್ಲಾಪ್ ನೆಲದಿಂದ ಒಂದು ಗೇಣಾದರೂ ಮೇಲಿರಲಿ. ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿ, ಮುಂದಿನ ಶಾಕ್ ಅಬ್ಸಾರ್ಬರ್ ಒತ್ತಿ, ಎಲ್ಲೂ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಎರಡನೆಯದು ಹೊಳೆಯುವ ಟೇಪು. ಹಿಂದೆ ಕೆಂಪು, ಮುಂದೆ ಬಿಳಿ. ನಂಬರ್ ಪ್ಲೇಟಿನ ಮೇಲೆ ಅಂಟಿಸಬೇಡಿ.

ಮೂರನೆಯದು ಮೊಬೈಲ್ ಚಾರ್ಜರ್. ಇದರ ವೈರನ್ನು ಸೀದಾ ಬ್ಯಾಟರಿಗೆ ಕೊಟ್ಟರೆ ಗಾಡಿ ನಿಂತಾಗಲೂ ಕರೆಂಟ್ ಎಳೆಯುತ್ತದೆ, ನಾಲ್ಕು ದಿನ ಬಿಟ್ಟ ಗಾಡಿ ಸೆಲ್ಫ್ ಎತ್ತುವುದಿಲ್ಲ. ಚಾವಿ ಹಾಕಿದಾಗ ಮಾತ್ರ ಕರೆಂಟ್ ಬರುವ ವೈರಿಗೆ ಕೊಡಿ. ನಡುವೆ 2 ಆಂಪಿಯರ್ ಫ್ಯೂಸ್ ಇರಲೇಬೇಕು. ಜೋಡಣೆಗೆ ಬರೀ ಟೇಪು ಸುತ್ತಿದರೆ ಮಳೆ ನೀರು ಇಳಿಯುತ್ತದೆ, ಕಾಯಿಸಿದರೆ ಕುಗ್ಗುವ ಕೊಳವೆ ಹಾಕಿ. ವೈರ್ ಹ್ಯಾಂಡಲಿನ ಕುತ್ತಿಗೆಯಲ್ಲಿ ಸಿಕ್ಕಿ ಉಜ್ಜದಂತೆ ಕಟ್ಟಿ. ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಲ್ಲಿ ಯಾವ ವೈರ್ ಅಂತ ಖಚಿತ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಮಾಡಬಾರದ್ದೂ ಇದೆ. 35 ವ್ಯಾಟಿನ ಹೆಡ್‌ಲೈಟ್ ಜಾಗದಲ್ಲಿ 100 ವ್ಯಾಟಿನ ಬಲ್ಬ್ ಹಾಕಿದರೆ ಹೋಲ್ಡರ್, ವೈರ್ ಕರಗುತ್ತವೆ. ಸೈಲೆನ್ಸರ್ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ, ಓಣಿಯ ಮಂದಿಗೂ ಕಿರಿಕಿರಿ. ಮಣ್ಣು ಸಿಕ್ಕಿಕೊಳ್ಳುತ್ತದೆ ಅಂತ ಚೈನ್ ಕವರ್, ಸೀರೆ ಗಾರ್ಡ್ ಬಿಚ್ಚಿ ಅಟ್ಟಕ್ಕೆ ಹಾಕುವವರಿಗೆ ಕೈಮುಗಿದು ಹೇಳುತ್ತೇನೆ, ಹಾಗೆ ಮಾಡಬೇಡಿ. ನಮ್ಮ ಕಡೆ ಅವ್ವ, ಅಕ್ಕ, ಹೆಂಡತಿ ಒಂದೇ ಬದಿಗೆ ಕಾಲು ಹಾಕಿ ಕೂರುತ್ತಾರೆ. ಸೆರಗೋ ವೇಲೋ ಗಾಲಿಗೆ ಸಿಕ್ಕರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಓಡಿಸಿ ನೋಡುವುದು, ಎಚ್ಚರಿಕೆಯ ಗುರುತುಗಳು

ಮೊದಲು ಓಣಿಯಲ್ಲೇ ನಿಧಾನವಾಗಿ ಓಡಿಸಿ ಎರಡೂ ಬ್ರೇಕ್ ಹಿಡಿದು ನೋಡಿ. ಆಮೇಲೆ ನಾಲ್ಕೈದು ಕಿಲೋಮೀಟರ್ ಹೋಗಿ ಬನ್ನಿ. ಬಂದ ಕೂಡಲೇ ಹಿಂದಿನ ಡ್ರಮ್ಮಿನ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಬ್ರೇಕ್ ಹೆಚ್ಚು ಬಳಸದೆಯೂ ಝಳ ಬಡಿದರೆ ಬ್ರೇಕ್ ಇನ್ನೂ ಹಿಡಿದಿದೆ, ಹಂತ 5ಕ್ಕೆ ಮರಳಿ.

ವೇಗದ ಜೊತೆ ಏರುವ ಗುಂಯ್ ಸದ್ದು ಇದ್ದರೆ ಗಾಲಿಯ ಬೇರಿಂಗ್ ಅನುಮಾನಿಸಿ. ಗಾಡಿ ಡಬಲ್ ಸ್ಟ್ಯಾಂಡ್ ಮೇಲಿರುವಾಗ ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಿಸಿ, ಕಟಕಟ ಅಂದರೆ ಅದು ಹೋಗಿದೆ. ಗಾಡಿ ಒಂದೇ ಕಡೆ ಎಳೆದರೆ ಸ್ವಿಂಗ್ ಆರ್ಮಿನ ಗೆರೆಗಳನ್ನು ಮತ್ತೆ ನೋಡಿ. ಆಕ್ಸಲ್ ನಟ್ಟಿಗೆ ಕಾಟರ್ ಪಿನ್ (ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಪಿನ್) ಇದ್ದರೆ ಅದು ಜಾಗದಲ್ಲಿದೆಯಾ ನೋಡಿ, ಹಳೆ ಪಿನ್ ಮತ್ತೆ ಬಳಸಬೇಡಿ.

ಇನ್ನೊಂದು ಸಣ್ಣ ಉಪಾಯ. ಎಲ್ಲ ಬಿಗಿ ಮಾಡಿದ ಮೇಲೆ ಆಕ್ಸಲ್ ನಟ್ಟಿನಿಂದ ಸ್ವಿಂಗ್ ಆರ್ಮ್ ತನಕ ಉಗುರು ಬಣ್ಣದಿಂದ ಒಂದು ನೇರ ಗೆರೆ ಎಳೆಯಿರಿ. ಮನೆಯಲ್ಲಿ ಒಣಗುತ್ತಾ ಬಂದ ಶೀಶೆ ಒಂದಾದರೂ ಸಿಗುತ್ತದೆ. 50 ಕಿಲೋಮೀಟರ್ ಓಡಿದ ಮೇಲೆ ಬಗ್ಗಿ ನೋಡಿ. ಗೆರೆ ಕೂಡಿಕೊಂಡಿದ್ದರೆ ನಟ್ ಅಲುಗಿಲ್ಲ. ಗೆರೆ ತುಂಡಾಗಿ ಸರಿದಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ ನಟ್ ಬಿಗಿ ಮಾಡಿ, ಚೈನ್ ಮತ್ತೆ ಅಳೆದು ಆಮೇಲೆ ಹೊರಡಿ.